ಕಲ್ಲೊಳಗಿನ ನೀಲಿ

ನೆಲದ ನೀರು ಮುಗಿಯುತ್ತಿದೆ ಎಂದು ಹೇಳಿ ಹೇಳಿ ಗುರುರಾಜನ ಬಾಯಿ ನೋಯುತ್ತಿತ್ತು. ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಮೇಷ್ಟ್ರು ಆತ. ಬಿ.ದುರ್ಗದ ಆಚೆಗಿದ್ದ ಸೋದರಮಾವನ ಊರಿನ ಬೋರ್‌ವೆಲ್ಲುಗಳನ್ನೆಲ್ಲ ಅಳೆದು, ನೆಲಕ್ಕೆ ಕರೆಂಟು ಹಾಯಿಸಿ ಬಂಡೆಯ ಬಿರುಕು ಪತ್ತೆಮಾಡಿ, ನಕ್ಷೆ ಬರೆದು ಗ್ರಾಮಸಭೆಗೆ ಒಯ್ದರೆ, ಜನ ಆ ನಕ್ಷೆಯಲ್ಲೇ ಗಾಳಿ ಬೀಸಿಕೊಂಡರು. ಅಂಕಿಸಂಖ್ಯೆ ಅಂದರೆ ಯಾರಿಗಾದರೂ ಆಕಳಿಕೆ ಬರುವುದೇ ಬಿಡಿ.

ಆ ಊರಲ್ಲಿ ಒಳ್ಳೆಯ ನೀರು ಉಳಿದಿದ್ದದ್ದು ಒಂದೇ ಕಡೆ: ಚೌಡಮ್ಮನ ಗುಡಿಯ ಕೆಳಗೆ, ಆಳದ ಒಂದು ಬಿರುಕಿನಲ್ಲಿ. ಊರಿನ ಸೇದೋ ಬಾವಿ ಬದುಕಿದ್ದದ್ದೂ ಆ ನೀರಿನಿಂದಲೇ. ಅದನ್ನು ಯಾರೂ ಮುಟ್ಟಬಾರದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಎರಡು ಸಾವಿರದ ಏಳರಲ್ಲಿ ಅವನ ವಿದ್ಯಾರ್ಥಿಗಳು ಸೈಬರ್ ಸೆಂಟರಿನಲ್ಲಿ ಊಟ ಬಿಟ್ಟು ಗೇಮ್ ಆಡುತ್ತಿದ್ದರು. ಪಾಠ ಕೇಳುವಾಗ ತೂಕಡಿಸುವ ಅವೇ ಕಣ್ಣುಗಳು ಅಲ್ಲಿ ರೆಪ್ಪೆ ಬಡಿಯುತ್ತಿರಲಿಲ್ಲ. ನೀರನ್ನೂ ಹೀಗೇ ಆಡಿಸಿ ತೋರಿಸಿದರೆ ಹೇಗೆ ಎನ್ನಿಸಿತು ಅವನಿಗೆ. ಬೆಂಗಳೂರಿನ ಸ್ನೇಹಿತನ ಲ್ಯಾಬಿನಲ್ಲಿ ಮೂಲೆಗೆ ಬಿದ್ದಿದ್ದ ಹೆಲ್ಮೆಟ್ಟೊಂದನ್ನು ತಂದ. ತಲೆಗೆ ಹಾಕಿಕೊಂಡರೆ ಸುತ್ತಲೂ ಬೇರೆಯೇ ಲೋಕ. ಒಂದಿಡೀ ವರ್ಷ ಕೂತು, ಅಳೆದ ಅಂಕಿಗಳನ್ನೆಲ್ಲ ಆ ಲೋಕಕ್ಕೆ ತುಂಬಿದ. ಆಡುವವನು ದಾರಿ ತಪ್ಪಬಾರದೆಂದು ಮೇಲೆ ಗುಡಿ, ಬೇವಿನಮರ, ಮಾವನ ಕಣ ಎಲ್ಲವನ್ನೂ ಇದ್ದಲ್ಲೇ ಇಟ್ಟ. ಬೆಲೆಯುಳ್ಳದ್ದು ಕಣ್ಣಿಗೆ ಬೀಳಬೇಕೆಂದು ನೀರನ್ನು ನೀಲಿಯಾಗಿ ಹೊಳೆಯಿಸಿದ. ಅಲ್ಲಿಯ ತನಕ ಇಳಿದು ಬಂದವನಿಗೆ ಏನಾದರೂ ಸಿಗಬೇಕಲ್ಲ, ಮುಟ್ಟಿದರೆ ಗಂಟೆ ಬಾರಿಸುವಂತೆ ಮಾಡಿದ. ಪಾಪ, ತನ್ನ ಜಾಣತನಕ್ಕೆ ತಾನೇ ಬೀಗಿದ.

ಊರಿನ ಶಾಲೆಯಲ್ಲಿ ಮೊದಲು ಹೆಲ್ಮೆಟ್ ಹಾಕಿಕೊಂಡವನು ಮಾವ ರೇವಣಸಿದ್ದಪ್ಪ.

"ಅಯ್ಯೋ ಶಿವನೇ, ನೆಲದೊಳಗೆ ಇಳಿದೆ ಕಣ್ರೋ!"

ಕೆಮ್ಮಣ್ಣು ದಾಟಿ, ಬಂಡೆ ದಾಟಿ, ಒಣಗಿದ ಬಿರುಕುಗಳ ನಡುವೆ ತಡಕಾಡಿ ಕೊನೆಗೆ ನೀಲಿಗೆ ಕೈಯಿಟ್ಟ. ಸ್ಪೀಕರಿನಲ್ಲಿ ಗಂಟೆ ಬಾರಿಸಿತು. ನೋಡುತ್ತಿದ್ದ ಹೆಂಗಸರು ಕೈ ಮುಗಿದರು. ಆಮೇಲೆ ಸರದಿ ನಿಂತು ಎಲ್ಲರೂ ಇಳಿದರು. ಗಂಟೆ ಬಾರಿಸುತ್ತಲೇ ಇತ್ತು. "ಇದೊಂದನ್ನ ಉಳಿಸ್ಕಬೇಕು" ಎಂದು ಗುರುರಾಜ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಆತ ಬಸ್ಸಿನಲ್ಲಿ ನಗುನಗುತ್ತಾ ವಾಪಸಾದ.

ಆ ಸೀಮೆಯಲ್ಲಿ ಬೋರು ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರಿದ್ದಾರೆ. ಕಾಯಿ ಎದ್ದು ನಿಂತ ಜಾಗವೇ ನೀರಿನ ಪಾಯಿಂಟು. ಅಲ್ಲೇ ಕಾಯಿ ಒಡೆದು ಲಾರಿ ಕರೆಸುತ್ತಾರೆ. ನೆಲದೊಳಗಿನ ನೀರು ತೋರಿಸುವವನು ಕೊರೆಯಬೇಡಿ ಎಂದು ತೋರಿಸುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಲ್ಲೇ ಹುಟ್ಟಿ ಬೆಳೆದ ಗುರುರಾಜನಿಗೆ ಇದು ಹೊಳೆಯಲಿಲ್ಲ ನೋಡಿ, ಅದೇ ಹೊಟ್ಟೆ ಉರಿಯುವ ಮಾತು.

ವಾರ ಕಳೆಯುವುದರೊಳಗೆ ಮಾವನ ಫೋನು ಬಂತು.

"ಗುರು, ನೀನು ತೋರಿಸಿದ ಕಡೆನೇ ಬಂತಪ್ಪ! ಆಳೆತ್ತರ ಚಿಮ್ತು! ಪಕ್ಕದಲ್ಲೇ ಇನ್ನೂ ನಾಕು ಲಾರಿ ನಿಂತವೆ."

ಗುರುರಾಜ ಸಿಕ್ಕ ಬಸ್ಸು ಹತ್ತಿ ಓಡಿದ. ಬೇವಿನಮರದ ಸುತ್ತ ಬೂದು ಕೆಸರು, ಲಾರಿಗಳ ಗದ್ದಲ.

"ನಿಲ್ಸಿ ಮಾವ! ಉಳಿಸ್ಕಳ್ರಿ ಅಂತ ತೋರಿಸಿದ್ದು ನಾನು."

ಮಾವ ನಕ್ಕ. "ಉಳಿಸಾಕಾದ್ರೆ ಗಂಟೆ ಯಾಕಪ್ಪ ಬಾರಿಸ್ದೆ?"

ಗುರುರಾಜ ಕೆಸರಿನಲ್ಲೇ ಹಿಂದೆ ಸರಿದ. ಮುಟ್ಟಿದವನಿಗೆ ಬಹುಮಾನ ಕೊಟ್ಟವನು ತಾನೇ.

ಮುಂದಿನ ಬೇಸಿಗೆಗೆ ಸೇದೋ ಬಾವಿ ಬತ್ತಿತು. ಅದರ ಮುಂದಿನ ಬೇಸಿಗೆಗೆ ಬೋರುಗಳೂ ಬರೀ ಗಾಳಿ ಉಗುಳಿದವು. ಅಷ್ಟರಲ್ಲಿ ಹೊಸದುರ್ಗದ ಕಡೆಯವರು ಜೀಪು ಮಾಡಿಕೊಂಡು ಬಂದು, "ನಮ್ಮೂರಿಗೂ ಒಂದ್ಸಲ ಬರ್ರಿ ಮೇಷ್ಟ್ರೇ" ಎಂದು ಅಂಗಲಾಚಿದರು. ಗುರುರಾಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತನ್ನ ಮುಖ ತನಗೇ ಬೇಡವಾಗಿತ್ತು.

ಒಂದು ಮಧ್ಯಾಹ್ನ ಮಾವನ ಹೆಂಡತಿ ಬಸಮ್ಮ ಒಬ್ಬಳೇ ಕಾಲೇಜಿಗೆ ಬಂದಳು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿ ಬಿದ್ದು, ಮೊಣಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದಳು.

"ಇನ್ನೂ ಕೆಳಗೆ ಐತೇನೋ ನೋಡಿ ಹೇಳಪ್ಪ."

"ಇಲ್ಲ ಅತ್ತೆ. ಮತ್ತೆ ಅಳೆದು, ಹೊಸ ಅಂಕಿನೆಲ್ಲ ಹೆಲ್ಮೆಟ್ಟಿಗೂ ತುಂಬಿ ನೋಡೀನಿ."

"ನೀನು ನೋಡಿದ್ದು ಬ್ಯಾಡ. ನನ್ನ ತಲೆಗೆ ಹಾಕು."

ಬೇರೆ ದಾರಿಯಿಲ್ಲದೆ ಹಾಕಿದ. ಬಸಮ್ಮ ಎರಡೂ ಕೈ ಮುಂದೆ ಚಾಚಿಕೊಂಡು ಇಳಿದಳು. ಮಣ್ಣು ಮುಗಿಯಿತು. ಬಂಡೆ ಕಪ್ಪಾಯಿತು. ಅವಳ ಕೈ ಮೇಜಿಗೆ ತಾಗಿತು, ಆಮೇಲೆ ಗೋಡೆಗೆ.

"ಇನ್ನೊಂಚೂರು ಇಳಿಸು."

"ಅಲ್ಲಿಂದ ಕೆಳಗೆ ಏನೂ ಇಲ್ಲ ಅತ್ತೆ."

ಅವಳು ಹೆಲ್ಮೆಟ್ ತೆಗೆದಳು. ಬೈಯುತ್ತಾಳೆ ಎಂದುಕೊಂಡ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ಅವನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು:

"ಎಲ್ಲರೂ ಬಾಚ್ಕಂಡು ಹೋಗ್ತಾರೆ ಅಂತ ಬಚ್ಚಿಟ್ಟಿದ್ದೀಯ, ನಂಗೊತ್ತು. ನನಗೊಬ್ಬಳಿಗೆ ತೋರಿಸು ಗುರು. ಯಾರಿಗೂ ಹೇಳಾಕಿಲ್ಲ."