ಕೆಂಚಿಗಿಷ್ಟು ಮಣ್ಣು

"ಎಣ್ಣೆ ತೊಟ್ಟಿಕ್ತಾ ಐತೆ ಕಣೇ! ಸಿಮೆಂಟು ಕರೆಯಾಯ್ತದೆ, ಅತ್ಲಾಗ್ ಹೋಗೇ!" ಎಂದು ತಿಪ್ಪಯ್ಯ ಹಿತ್ತಿಲ ಬಾಗಿಲಿಂದ ಕೂಗಿದ.

ಹೆಂಡತಿ ಭೂತಮ್ಮ ಕೂತಲ್ಲಿಂದ ಕದಲಲಿಲ್ಲ. ತೊಡೆಯ ಮೇಲೆ ತನ್ನ ಕೋಳಿ ಕೆಂಚಿಯನ್ನು ಅಂಗಾತ ಮಲಗಿಸಿಕೊಂಡು ರೆಕ್ಕೆಯ ಬುಡಕ್ಕೆ ಹೊಂಗೆ ಎಣ್ಣೆ ತಿಕ್ಕುತ್ತಿದ್ದಳು. ಕೋಳಿಯ ಕತ್ತು, ಬೆನ್ನು ಬೋಳಾಗಿ ಚರ್ಮ ಕೆಂಪಗೆ ಹುರುಪೆಗಟ್ಟಿತ್ತು. ಉಳಿದ ಪುಕ್ಕ ಬಿಡಿಸಿದರೆ ಹೇನು ಬುಳುಬುಳು ಓಡುತ್ತಿದ್ದವು.

"ಅದ್ರ ಆಸೆ ಬುಡು. ಭಾನುವಾರ ನಮ್ಮಕ್ಕ ಬತ್ತಾಳೆ. ಅಷ್ಟ್ರೊಳಗೆ ಸರಿಹೋಗ್ನಿಲ್ಲ ಅಂದ್ರೆ ಕುಯ್ದು ಸಾರು ಮಾಡದೇಯಾ," ಎಂದ ತಿಪ್ಪಯ್ಯ.

"ಕುಯ್ಯೋನು ಮೊದ್ಲು ನನ್ನ ಕುಯ್ಲಿ!"

ತಾಯಿಕೋಳಿಯನ್ನು ಕಾಡುಬೆಕ್ಕು ಹೊತ್ತೊಯ್ದಾಗ ಈ ಮರಿಯನ್ನು ಮಡಿಲಲ್ಲಿಟ್ಟು ಸಾಕಿದವಳು ಅವಳು. ಅದನ್ನು ಸಾರಿನಲ್ಲಿ ನೋಡುವ ಎದೆ ಅವಳಿಗಿರಲಿಲ್ಲ.

ಹಾಗಂತ ತಿಪ್ಪಯ್ಯನೇನು ಕೆಟ್ಟವನಲ್ಲ. ಮೂವತ್ತು ವರ್ಷ ಊರವರ ಮನೆಗೆಲ್ಲ ಗಾರೆ ಕೆಲಸ ಮಾಡಿದವನು. ಸರ್ಕಾರದ ಪರ್ಮಿಟ್ಟಿಲ್ಲದೆ ಸಿಮೆಂಟು ಸಿಗದ ಆ ಕಾಲದಲ್ಲಿ ಅಲೆದು ಅಲೆದು ಅಮ್ಮಸಂದ್ರದ ಫ್ಯಾಕ್ಟರಿಯ ಸಿಮೆಂಟು ತಂದು, ಈ ಸಲ ತನ್ನ ಹಿತ್ತಿಲಿಗೇ ಗೋಡೆಯಿಂದ ಗೋಡೆಗೆ ಕನ್ನಡಿಯಂಥ ನೆಲ ಹಾಸಿದ್ದ. ಕಲಸಿದ ಗಾರೆಯ ಬಾಂಡ್ಲಿ ಹೊತ್ತವಳು ಭೂತಮ್ಮನೇ. ನೋಡಿದವರು ಹೊಗಳಿದಾಗ ಅವಳೂ ಬೀಗಿದ್ದಳು.

ಹೊಂಗೆ ಎಣ್ಣೆಗೆ ಮೊದಲೇ ಬೇವಿನೆಣ್ಣೆ ಆಗಿತ್ತು, ಹೊಗೆಸೊಪ್ಪಿನ ನೀರಾಗಿತ್ತು, ಅರಿಶಿನವಾಗಿತ್ತು. ಎರಡು ದಿನ ತಣ್ಣಗಿದ್ದು ಹೇನು ಮತ್ತೆ ಮುತ್ತುತ್ತಿದ್ದವು. ಗುರುವಾರ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಯ ದನದಾಸ್ಪತ್ರೆಗೇ ಹೋದಳು. ಕಾಂಪೌಂಡರ್ ಸದಾಶಿವಯ್ಯ ಪುಕ್ಕ ಸರಿಸಿ ನೋಡಿದ.

"ಮಣ್ಣಲ್ಲಿ ಹೊರಳಾಡ್ತದೇನಮ್ಮ? ನಾವು ನೀರು ಹುಯ್ಕೊಂಡಂಗೆ ಇವಕ್ಕೆ ಮಣ್ಣೇ ಸ್ನಾನ. ಅದಿಲ್ದೆ ಎಷ್ಟು ಎಣ್ಣೆ ಹಚ್ಚಿದ್ರೂ ಅಷ್ಟೇ ಕಣಮ್ಮ."

ಹಿತ್ತಿಲಲ್ಲಿ ಈಗ ಹಿಡಿ ಮಣ್ಣಿಲ್ಲ. ಬೀದಿಗೆ ಬಿಟ್ಟರೆ ನಾಯಿಗಳ ಕಾಟ.

ಅವತ್ತೇ ಮೂಲೆಯಲ್ಲಿ ಮಣ್ಣು ಬೂದಿ ಗುಡ್ಡೆ ಹಾಕಿದಳು. ಸಂಜೆ ತಿಪ್ಪಯ್ಯ, "ಮನೇನ ತಿಪ್ಪೆ ಮಾಡ್ತೀಯೇನೇ?" ಎಂದು ರೇಗಿ, ಅದನ್ನೆಲ್ಲ ಬಾಚಿ ಹೊರಗೆಸೆದು ನೆಲ ತೊಳೆದ.

ಶನಿವಾರ ಅವನು ಕೆಲಸಕ್ಕೆ ಹೋದ ಮೇಲೆ, ಪಾತ್ರೆ ಬೆಳಗುತ್ತಿದ್ದ ಭೂತಮ್ಮ ತಲೆಯೆತ್ತಿದಳು. ಕೆಂಚಿ ಬರೀ ಸಿಮೆಂಟಿನ ಮೇಲೆ ಮಗ್ಗುಲಾಗಿ ಬಿದ್ದು, ಕಾಲಲ್ಲಿ ಕೆರೆದು, ಇಲ್ಲದ ಮಣ್ಣನ್ನು ರೆಕ್ಕೆಯಿಂದ ಮೈಮೇಲೆ ಎರಚಿಕೊಳ್ಳುತ್ತಿತ್ತು. ಎದ್ದು ಒದರಿಕೊಂಡಿತು. ಮತ್ತೆ ಮಲಗಿ ಹೊರಳಿತು.

"ಥೂ ನನ್ನ ಜನ್ಮಕ್ಕೆ!" ಎಂದು ಎದ್ದವಳೇ ಹಾರೆ ತಂದಳು. ಮೊದಲ ಏಟಿಗೆ ಕಿಡಿ ಹಾರಿತೇ ಹೊರತು ನೆಲ ಜಗ್ಗಲಿಲ್ಲ. ತಿಪ್ಪಯ್ಯ ಹಾಸಿದ್ದು, ಅಷ್ಟು ಸಲೀಸಾಗಿ ಬಿಡುತ್ತದೆಯೇ? ಆದರೆ ಹಾಸುವಾಗ ಗೋಡೆಯ ಬದಿಗೆ ಬರುವಷ್ಟರಲ್ಲಿ ಕಲಸಿದ್ದು ಸಾಲದೆ ನೆಲ ತೆಳುವಾಗಿದ್ದು ಬಾಂಡ್ಲಿ ಹೊತ್ತವಳಿಗೆ ಗೊತ್ತಿತ್ತು. ಅಲ್ಲೇ ಕುಟ್ಟಿದಳು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊರದಗಲ ಕೆಮ್ಮಣ್ಣು ಕಂಡಿತು. ಅದನ್ನು ಕೆದಕಿ ಸಡಿಲಿಸಿ, ಒಲೆಯಲ್ಲಿದ್ದ ತೆಂಗಿನ ಚಿಪ್ಪಿನ ಬೂದಿ ಜರಡಿ ಹಿಡಿದು ಬೆರೆಸಿದಳು. ಕರೆಯದೆಯೇ ಬಂದ ಕೆಂಚಿ ಕಣ್ಣು ಮುಚ್ಚಿ ಹೊರಳಿದ್ದೇ ಹೊರಳಿದ್ದು!

ಸಂಜೆ ಒಡೆದ ನೆಲ ನೋಡಿದ ತಿಪ್ಪಯ್ಯನ ಮುಖ ಕಪ್ಪಿಟ್ಟಿತು.

"ನಾನೇ ಒಡೆದಿದ್ದು. ಮುಚ್ಚಿದ್ರೆ ನಾಳೆ ತಿರ್ಗಾ ಒಡೀತೀನಿ," ಎಂದಳು ಭೂತಮ್ಮ. ಹಾರೆ ಇನ್ನೂ ಕೈಯಲ್ಲೇ ಇತ್ತು.

ಅವನು ಕುಕ್ಕರುಗಾಲಲ್ಲಿ ಕೂತು ಒಡಕಲು ಅಂಚಿನ ಮೇಲೆ ಬೆರಳಾಡಿಸಿದ.

"ಹಿಂಗಾ ಒಡೆಯೋದು? ನಾಯಿ ಕಡ್ದಂಗೈತೆ. ನೋಡ್ದೋರು ತಿಪ್ಪಯ್ಯನ ಕೆಲ್ಸ ಅಂತಾರೆ," ಎಂದು ಗೊಣಗುತ್ತ ಎದ್ದು, ಚೀಲದಲ್ಲಿ ಉಳಿದಿದ್ದ ಸಿಮೆಂಟು ಕಲಸಿ ಕರಣೆ ತಂದ. ಗುಂಡಿಯ ಸುತ್ತ ಕೋಳಿ ಎಡವದ ಹಾಗೆ ಗುಂಡಗೆ ಅಂಚು ಕಟ್ಟಿ ನುಣ್ಣಗೆ ತೀಡಿದ. ಒಳಗಿನ ಮಣ್ಣಿಗೆ ಒಂದು ಹನಿ ಬೀಳಗೊಡಲಿಲ್ಲ.

"ನಾಳೀಕೆ ಅಕ್ಕಂಗೆ ಹುಳ್ಳಿಕಾಳು ಸಾರೇ ಆಗ್ಲಿ. ಇದು ಒಣಗಗಂಟ ಅದನ್ನ ಹಿಡ್ಕಂಡಿರು," ಎಂದ, ತಲೆಯೆತ್ತದೆ.

ಭೂತಮ್ಮ ಕೆಂಚಿಯನ್ನು ಮಡಿಲಿಗೆ ಎಳೆದುಕೊಂಡು ಕೂತಳು. ಅದರ ಕಾಲು ಆಗಲೇ ಅವಳ ಸೀರೆಯನ್ನು ಕೆರೆಯುತ್ತಿತ್ತು.