ಬರೀ ಹಿಟ್ಟಿನ ಕಟ್ಟು

ಎಲುಬು ಕೂಡಿಸುವ ನರಸಣ್ಣನ ಸುದ್ದಿಯನ್ನು ಮನೆಗೆ ತಂದವಳು ಸೊಪ್ಪು ಮಾರುವ ಉರುಕುಂದಮ್ಮ. ಅಷ್ಟರೊಳಗೆ ಒಂಬತ್ತು ದಿನ ಗುರುಬಸಮ್ಮನ ಬಲ ಮಣಿಕಟ್ಟಿಗೆ ಹರಳೆಣ್ಣೆ ಸವರಿದ್ದೇ ಸವರಿದ್ದು. ಬಾವು ಮಾತ್ರ ಇಳಿದಿರಲಿಲ್ಲ. ಆದವಾನಿಯಲ್ಲಿ ದವಾಖಾನೆ ಇರಲಿಲ್ಲವೆಂದಲ್ಲ. ಹತ್ತಿ ವ್ಯಾಪಾರಿ ಏಕಾಂತಪ್ಪನ ಹೆಂಡತಿ ಅಲ್ಲಿ ಹೋಗಿ ಕೂತರೆ, ಕೈ ಹೇಗೆ ಮುರಿಯಿತೆಂದು ಪೇಟೆಯೆಲ್ಲ ಕೇಳುತ್ತಿತ್ತು.

"ಪೆದ್ದಕಡುಬೂರಾಗ ಅದಾನ್ರಿ. ಎತ್ತಿನ ಕಾಲೂ ಕೂಡಸ್ತಾನ, ಮನಿಷಾರ ಕೈನೂ ಕೂಡಸ್ತಾನ," ಎಂದಳು ಉರುಕುಂದಮ್ಮ.

ಎತ್ತಾಗಿದ್ದರೆ ಮೊದಲನೆಯ ದಿನವೇ ಕರೆದೊಯ್ಯುತ್ತಿದ್ದರು ಎಂದುಕೊಂಡಳು ಗುರುಬಸಮ್ಮ.

ಮರುದಿನ ಬೆಳಿಗ್ಗೆ ಅತ್ತೆ ಹೂವಮ್ಮ ಅವಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೊರಟಳು. ನರಸಣ್ಣ ಬೇವಿನ ನೆರಳಿನಲ್ಲಿ ಬಿದಿರ ದಬ್ಬೆ ಸೀಳುತ್ತ ಕೂತಿದ್ದ. ಕೈ ತೊಳೆದು ಬಂದು, ಹೆಬ್ಬೆರಳಿನಿಂದ ಬಾವನ್ನು ಮೆಲ್ಲಗೆ ಒತ್ತಿ ನೋಡಿದ.

"ಹೆಂಗಾತವ್ವ?"

"ಬಚ್ಚಲದಾಗ ಜಾರಿ ಬಿದ್ದಾಳ," ಎಂದಳು ಹೂವಮ್ಮ.

ನರಸಣ್ಣ ತಲೆಯೆತ್ತಲಿಲ್ಲ. "ಬಿದ್ದ ಕೈ ಹಿಂಗ ತಿರುವಿಕೊಂಡಿರಂಗಿಲ್ಲ. ನಿಮ್ಮ ಬಚ್ಚಲಕ್ಕ ಬೆರಳು ಅದಾವೇನು?"

ಹತ್ತಿಯ ಕೋಣೆಯ ಬೀಗದಕೈ ಕೊಡಲು ಒಂದು ಗಳಿಗೆ ತಡವಾಯಿತೆಂದು ಏಕಾಂತಪ್ಪ ಹೆಂಡತಿಯ ಕೈ ತಿರುವಿದ್ದ. ತಿರುವಿ ಊಟಕ್ಕೆ ಕೂತಿದ್ದ. ಎಡಗೈಯಲ್ಲಿ ಬಡಿಸಬಾರದೆಂದು ಅಂದು ಅತ್ತೆಯೇ ಬಡಿಸಿದ್ದಳು.

ನರಸಣ್ಣ ಒಮ್ಮೆಲೇ ಜಗ್ಗಿದ. ಗುರುಬಸಮ್ಮ ಸೆರಗು ಕಚ್ಚಿದಳು. ಒಳಗೆ ಏನೋ ಕಟಕ್ಕೆಂದಿತು.

"ಕೂಡೇತಿ ತಂಗೀ. ಇನ್ನ ಅಲ್ಲಾಡಬಾರದು, ಅಷ್ಟ." ಅವನು ಉದ್ದಿನ ಹಿಟ್ಟನ್ನು ಬೋಗುಣಿಗೆ ಹಾಕಿ, ಬುಟ್ಟಿಯಿಂದ ಒಂದು ಕೋಳಿ ತತ್ತಿ ತೆಗೆದ. "ಇದರ ಬಿಳೀದರಾಗ ಕಲಸಿ ಕಟ್ಟಿದರ ಕಲ್ಲಿನಂಗ ಕೂಡತೈತಿ. ನಲವತ್ತು ದಿನ ಬಿಚ್ಚಬ್ಯಾಡ್ರಿ."

ಹೂವಮ್ಮ ಎದ್ದೇ ನಿಂತಳು. "ತತ್ತಿ? ಆಕಿ ಕೊರಳಾಗ ಲಿಂಗ ಐತಿ!"

"ಕೊರಳಿಗೆ ಹಚ್ಚಂಗಿಲ್ಲ ಬಿಡವ್ವ, ಕೈಗೆ. ನೀರಾಗ ಬರೀ ಹಿಟ್ಟು ಕಲಸಿ ಕಟ್ಟಿದರ ನಿಮ್ಮ ಗಾಡಿ ಊರು ಮುಟ್ಟೋದರಾಗ ಬಿರೀತೈತಿ. ಕೈ ಸೊಟ್ಟ ಆದರ ಆಮ್ಯಾಲೆ ನನ್ನ ಬೈಬ್ಯಾಡ್ರಿ."

"ತತ್ತೀನ ಹಚ್ಚರಿ ಅಣ್ಣಾ," ಎಂದಳು ಗುರುಬಸಮ್ಮ.

ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಅತ್ತೆಯ ಮಾತಿನ ಮೇಲೆ ಅವಳು ಮಾತಾಡಿದ್ದು ಅದೇ ಮೊದಲು. ಹೂವಮ್ಮ ಬೈಯುವಳೆಂದುಕೊಂಡಿದ್ದಳು. ಹೂವಮ್ಮ ಬೈಯಲಿಲ್ಲ.

"ಹಚ್ಚಿಸ್ಕೋ ಯವ್ವಾ. ಆದರ ಆ ಮೈಲಿಗಿ ಕೈ ತಗೊಂಡು ಅಡಿಗಿಮನಿಗೆ ಬರಬ್ಯಾಡ. ಇಷ್ಟು ದಿನ ರೊಟ್ಟಿ ನಾ ಬಡದೆ, ಮ್ಯಾಲಿನ ಕೆಲಸ ನೀ ಎಡಗೈಲೆ ನೋಡಿದಿ. ನಲವತ್ತು ದಿನ ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ. ಹೊಳಗುಂದದಿಂದ ನಿನ್ನ ತಂಗಿ ಪಂಪಮ್ಮನ್ನ ಕರಸ್ತೀನಿ. ತಾಯಿಲ್ಲದ ಹುಡುಗಿ, ಬ್ಯಾಡ ಅನ್ನೋರಾದರೂ ಯಾರದಾರ?"

ಪಂಪಮ್ಮನಿಗೆ ಹದಿನಾರು. ಹೋದ ಪಂಚಮಿಗೆ ಬಂದಾಗ, ಮಜ್ಜಿಗೆ ತರಲು ತಡಮಾಡಿದಳೆಂದು ಏಕಾಂತಪ್ಪ ಅವಳ ಜಡೆಯನ್ನು ಕೈಗೆ ಸುತ್ತಿ ಎಳೆದಿದ್ದ. ಭಾವನ ತಮಾಷೆಯೆಂದು ಎಲ್ಲರೂ ನಕ್ಕಿದ್ದರು. ಪಂಪಮ್ಮ ನಕ್ಕಿರಲಿಲ್ಲ.

ನರಸಣ್ಣ ತತ್ತಿಯನ್ನು ಬೋಗುಣಿಯ ಅಂಚಿಗೆ ಹಿಡಿದಿದ್ದ. ಇನ್ನೇನು ಕುಟ್ಟಬೇಕು.

"ಬ್ಯಾಡಣ್ಣ. ಬರೀ ಹಿಟ್ಟಿನ್ಯಾಗ ಕಟ್ಟರಿ."

"ಸೊಟ್ಟ ಆಗತೈತವ್ವ. ಬಲಗೈ."

"ಆಗಲಿ."

ಅವನು ಅತ್ತೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ತತ್ತಿಯನ್ನು ಬುಟ್ಟಿಗೆ ಹಾಕಿದ. ಹಿಟ್ಟನ್ನು ನೀರಿನಲ್ಲಿ ಕಲಸಿ ಹಚ್ಚಿ, ದಬ್ಬೆಯ ಮೇಲೆ ಒಂದರ ಬದಲು ಎರಡು ಅರಿವೆ ಸುತ್ತಿದ. ಅವನ ಕೈಲಾದದ್ದು ಅಷ್ಟೇ.

ಅರ್ಧ ದಾರಿಯಲ್ಲೇ ಹಿಟ್ಟು ಬಿರಿಯತೊಡಗಿತು. ಗುರುಬಸಮ್ಮ ಎಡಗೈಯಿಂದ ಅದನ್ನು ಒತ್ತಿ ಹಿಡಿದು ಕೂತಳು. ಹೂವಮ್ಮನ ಮುಖ ಅರಳಿತ್ತು. ಗಾಡಿ ಇಳಿಯುತ್ತಲೇ ಪಕ್ಕದ ಮನೆಯ ಲಿಂಗಕ್ಕನನ್ನು ಕೂಗಿ ಕರೆದಳು.

"ಕೈ ಹೋದರ ಹೋಗಲಿ, ತತ್ತಿ ಮಾತ್ರ ಮುಟ್ಟಂಗಿಲ್ಲ ಅಂದ್ಲು ನಮ್ಮ ಸೊಸಿ! ಇಂಥ ನಿಷ್ಠಿ ಎಲ್ಲಿ ನೋಡೀಯವ್ವ ನೀನು?"

ಹೂವಮ್ಮ ನೀರಿಗೆಂದು ಒಳಗೆ ಹೋದಳು. ಲಿಂಗಕ್ಕ ಕಣ್ಣು ಒದ್ದೆ ಮಾಡಿಕೊಂಡು ಗುರುಬಸಮ್ಮನ ಕಾಲು ಮುಟ್ಟಲು ಬಾಗಿದಳು. ಗುರುಬಸಮ್ಮ ಅವಳ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದಳು:

"ಹೊಳಗುಂದದ ಕಡೆ ಹೋಗೋರು ಯಾರರ ಅದಾರೇನಕ್ಕಾ? ನಮ್ಮ ಪಂಪಮ್ಮಗ ಹೇಳಿ ಕಳಿಸಬೇಕು. ಯಾರು ಕರಿಯಾಕ ಬಂದರೂ ಈ ಮನಿಗೆ ಬರಬ್ಯಾಡ ಅಂತ."