ಮೇಣದೊಳಗಿನ ಕಾವಲುಗಾರ

ನಾನು ಮೇಣದ ಒಂದು ಬಿಲ್ಲೆ. ಆಸ್ಪತ್ರೆಯವರು ಬ್ಲಾಕು ಎನ್ನುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕವನು. ಓದು ಬರಹ ಬಾರದು. ನನ್ನ ಮೈಮೇಲಿನ ನಂಬರನ್ನೂ ಬೇರೆಯವರು ಓದಿ ಹೇಳಿದ್ದಾರೆ. ಆದರೆ ಒಮ್ಮೆ ಕಂಡದ್ದನ್ನು ಮರೆಯುವವನಲ್ಲ.

ಒಂಬತ್ತು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹುಟ್ಟಿದೆ. ಖಾನಾವಳಿ ನಡೆಸುವ ಕಸ್ತೂರೆವ್ವನ ಕೊರಳಿನಿಂದ ತೆಗೆದ ಗಂಟಿನ ಚೂರನ್ನು ಲ್ಯಾಬಿನ ಶಕುಂತಲಾಬಾಯಿ ಅಚ್ಚಿನಲ್ಲಿಟ್ಟು ಕಾದ ಮೇಣ ಸುರಿದಳು. ಮೇಣ ಆರಿತು, ಆ ಚೂರೇ ನನ್ನ ಒಡಲಾಯಿತು. ಅವಳ ಯಂತ್ರದ ಅಲಗು ನನ್ನನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆರೆಯಿತು. ಆ ಪದರುಗಳನ್ನು ಗಾಜಿನ ಮೇಲೆ ನೋಡಿದ ಡಾಕ್ಟರು ಲಿಂಫೋಮಾ ಎಂದರು. ರಕ್ತದ ಬಿಳಿ ಕಣಗಳಿಗೆ ಹಿಡಿಯುವ ಕ್ಯಾನ್ಸರು ಅದು.

ಕಸ್ತೂರೆವ್ವ ಔಷಧಿ ತೆಗೆದುಕೊಂಡು, ಕೂದಲು ಕಳೆದುಕೊಂಡು, ಮತ್ತೆ ಬೆಳೆಸಿಕೊಂಡು ಒಲೆಯ ಮುಂದೆ ಕುಳಿತಳಂತೆ. ನಾನು ಉಗ್ರಾಣದ ಕಬ್ಬಿಣದ ಗೂಡು ಸೇರಿದೆ. ಆಗಾಗ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ಪದರು ತೆಗೆಯಲು ಒಯ್ಯುತ್ತಿದ್ದರು. ಹೋದಾಗಲೆಲ್ಲ ಒಂದಿಷ್ಟು ಸವೆದು ಬಂದೆ.

ಈ ಮಾಘದಲ್ಲಿ ಶಕುಂತಲಾಬಾಯಿ ನನ್ನನ್ನು ಹುಡುಕಿ ಲ್ಯಾಬಿಗೆ ತಂದಳು. ಜೊತೆಗೆ ಡಾಕ್ಟರ್ ಅನಸೂಯಾ, ಬಾಗಿಲಲ್ಲಿ ಕಸ್ತೂರೆವ್ವ. ರೋಗ ಮರಳಿತ್ತು. ಈ ಸಲ ಎದೆಯೊಳಗೆ, ದೊಡ್ಡ ರಕ್ತನಾಳದ ಮಗ್ಗುಲಲ್ಲಿ, ಸೂಜಿಯೂ ಹೋಗದ ಜಾಗದಲ್ಲಿ. ಪರೀಕ್ಷೆಗೆ ಉಳಿದವನು ನಾನೊಬ್ಬನೇ.

"ಇದೇ ಏನ್ರಿ ನನ್ನ ಗಂಟು? ಇಷ್ಟಕ್ಕ ಅಷ್ಟ ಅತ್ತಿದ್ನಾ?" ಅಂದಳು ಕಸ್ತೂರೆವ್ವ.

ಡಾಕ್ಟರು ಬಿಡಿಸಿ ಹೇಳಿದರು: "ಪ್ರತಿ ಕಣದಾಗ ಒಂದು ಕಾವಲು ಜೀನ್ ಇರತೈತ್ರಿ ಅವ್ವಾರ. ಕಣ ಹದ್ದು ಮೀರಿದ್ರ ತಡೀತೈತಿ, ಕೇಳಲಿಲ್ಲಂದ್ರ ಕೊಲ್ಲತೈತಿ. ನಿಮ್ಮ ಗಂಟಿನಾಗ ಅದು ಸುಮ್ನ ಕುಂತೈತಿ. ಅದು ಮುರದೈತೋ, ಬ್ಯಾರೆ ಏನರ ಅದರ ಕೈ ಕಟ್ಟಿ ಹಾಕೈತೋ ನೋಡಬೇಕು. ಕಟ್ಟಿದ್ರ, ಬಿಚ್ಚೋ ಗುಳಿಗಿ ಒಂದು ಪ್ರಯೋಗದಾಗ ಐತಿ. ಮುರದಿದ್ರ ಆ ಗುಳಿಗಿ ದಂಡ."

"ನಮ್ಮ ಖಾನಾವಳಿ ವಾಚಮನ್ನೂ ಹಂಗ ಅದಾನ್ರಿ. ಸತ್ತಾನೋ ಮಲಗ್ಯಾನೋ ಅಲುಗಾಡ್ಸೇ ನೋಡಬೇಕು."

ಪರೀಕ್ಷೆಗೆ ಹತ್ತು ಪದರು ಬೇಕಿತ್ತು. ಹೊರಗೆ ಒಣಗಾಳಿ. ಅಲಗು ತಾಗಿದ್ದೇ ಮೊದಲ ಎರಡು ಪದರು ಪುಡಿಯಾಗಿ ಉದುರಿದವು. ಶಕುಂತಲಾಬಾಯಿ ಯಂತ್ರ ನಿಲ್ಲಿಸಿದಳು.

"ನಾಳೆ ಮಾಡ್ತೀನ್ರಿ. ಒಳಗ ಭಾಳ ಉಳದಿಲ್ಲ, ಅಂಜಿಕಿ ಬರತೈತಿ."

"ನಾಳೆ ಗಾಳಿ ಬ್ಯಾರೆ ಬರತೈತೇನ್ರಿ ಬಾಯಾರ?" ಅಂದಳು ಕಸ್ತೂರೆವ್ವ. "ಹಿಟ್ಟು ಒಣಗಿದ್ರ ರೊಟ್ಟಿ ಸೀಳತೈತಿ. ನಾ ನೀರಗೈ ಹಚ್ಚಿ ಮತ್ತ ಬಡೀತೀನಿ, ಒಲಿ ಆರ್ಸಂಗಿಲ್ಲ. ನೀವು ಏನ ಹಚ್ಚತೀರಿ?"

ಶಕುಂತಲಾಬಾಯಿ ನನ್ನನ್ನು ಮಂಜುಗಡ್ಡೆಯ ಮೇಲೆ ತಣ್ಣಗಾಗಿಸಿ ಯಂತ್ರಕ್ಕೆ ಕೂರಿಸಿದಳು. ಆಮೇಲೆ ಬಗ್ಗಿ, ನನ್ನ ಮುಖಕ್ಕೆ ಮುಖವಿಟ್ಟು, ಬಾಯಿ ತೆರೆದು ಮೆಲ್ಲಗೆ ಉಸಿರು ಬಿಟ್ಟಳು. ಆ ಹಸಿ ಬಿಸುಪಿಗೆ ನನ್ನ ಮೈ ಹದವಾಯಿತು. ಹಿಡಿಕೆ ತಿರುಗಿತು. ಪದರು ಹರಿಯದೆ ಬಂತು. ಮತ್ತೆ ಉಸಿರು, ಮತ್ತೆ ಪದರು. ಬೆಚ್ಚನೆ ನೀರಿನ ಮೇಲೆ ಅವು ಹಾಲಿನ ಕೆನೆಯಂತೆ ತೇಲಿದವು. ಕಸ್ತೂರೆವ್ವ ಬಾಗಿಲಲ್ಲೇ ನಿಂತು ಬೆರಳು ಮಡಚುತ್ತಿದ್ದಳು. ಹತ್ತು ಬಂದವು. ಹನ್ನೊಂದನೆಯದರಲ್ಲಿ ಬರೀ ಮೇಣ.

ಮೂರು ವಾರದ ಮೇಲೆ ಶಕುಂತಲಾಬಾಯಿ ಉಗ್ರಾಣಕ್ಕೆ ಬಂದು, ನನ್ನನ್ನು ಗೂಡಿಗೆ ಸೇರಿಸುವಾಗ, ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು: "ಕಾವಲು ಜೀನ್ ಮುರದಿಲ್ಲೋ. ಬರೀ ಕಟ್ಟಿ ಹಾಕಿತ್ತು."

ಕಸ್ತೂರೆವ್ವ ಗುಳಿಗೆ ಶುರುಮಾಡಿದ್ದಾಳೆ. ಗುಣವಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ, ಅವಳೂ ಕೇಳಿಲ್ಲ. "ಆ ವಾಚಮನ್ನನ ಕೈ ಬಿಚ್ಚಿದ್ರ ಸಾಕು, ಉಳದದ್ದು ಅವನೂ ನಾನೂ ನೋಡ್ಕೋತೀವಿ," ಅಂದಳಂತೆ.

ನನ್ನ ಒಡಲು ಈಗ ಬರಿದು. ಒಂಬತ್ತು ವರ್ಷ ಆ ಕಾವಲುಗಾರನನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಅವನು ಬದುಕಿದ್ದಾನೆಂದು ನನಗೆ ತಿಳಿದಿರಲಿಲ್ಲ. ಬರಿದಾದದ್ದಕ್ಕೆ ದುಃಖವಿಲ್ಲ. ಕಾವಲಿಗೆ ಹೋದವನ ಮನೆ ಹೀಗೇ ಖಾಲಿ ಇರುತ್ತದೆ.